ತ್ರಿಪುರಸುಂದರಿ ಆರಿಸಿದ ಸ್ವಿಚ್ಚು

ಸ್ವಿಚ್ಚು ಆರಿಸುವುದರಲ್ಲಿ ನಮ್ಮ ತ್ರಿಪುರಸುಂದರಿಯನ್ನು ಮೀರಿಸುವವರು ಇಡೀ ಸಮರ್‌ಸೆಟ್‌ನಲ್ಲಿಲ್ಲ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವಳು, ಹೊರಡುವಾಗ ಅಭ್ಯಾಸಬಲದಿಂದ ನಮ್ಮ ದೀಪಗಳನ್ನೂ ಆರಿಸಿ, ಪಾಯಸ ಕುಡಿಯುತ್ತಿದ್ದ ನನ್ನ ಗಂಡನನ್ನು ಕತ್ತಲಲ್ಲಿ ಕೂರಿಸಿಹೋದಳು. ಅವಳನ್ನು ಬೈದು ಪ್ರಯೋಜನವಿಲ್ಲ. ನಂಜನಗೂಡಿನಲ್ಲಿ ಅವಳಪ್ಪ, "ಕರೆಂಟ್ ಬಿಲ್ ನಿಮ್ ತಾತ ಕಟ್ತಾನಾ?" ಎಂದು ಕೂಗಿ ಕೂಗಿಯೇ ಐದು ಮಕ್ಕಳನ್ನು ಬೆಳೆಸಿದರು.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಗಂಡ ರಾಮ್‌ನ ವೀಸಾಕ್ಕೆ ಬಾಲಂಗೋಚಿಯಾಗಿ ಬಂದಿದ್ದಳು. ಡಾಟ್‌ಕಾಮ್ ಕಾಲ, ಗಂಡಸರಿಗೆಲ್ಲ ವಾರಕ್ಕೊಂದು ಹೊಸ ಕೆಲಸ, ಆ ವೀಸಾದಲ್ಲಿ ಅವಳಿಗೆ ಸಂಬಳ ಮುಟ್ಟುವ ಹಾಗೇ ಇಲ್ಲ. ಎರಡು ವರ್ಷ ಗೋಡೆ ನೋಡಿ ಸಾಕಾಗಿ, ಪ್ರಿನ್ಸ್‌ಟನ್ ದಾರಿಯ ಒಂದು ಪುಟ್ಟ ಪ್ರಯೋಗಾಲಯಕ್ಕೆ ಪುಕ್ಕಟೆ ಕೆಲಸಕ್ಕೆ ಸೇರಿದಳು. ನನ್ನ ಆಫೀಸೂ ಅದೇ ದಾರಿಯಲ್ಲಿದ್ದುದರಿಂದ ನಾನೇ ಅವಳ ಸಾರಥಿ. "ಅಲ್ಲಿ ನಾನು ಮಿಸೆಸ್ ರಾಮ್ ಅಲ್ಲ ಕಣೇ ರಾಜಿ, ಸುಂದರಿ" ಎನ್ನುತ್ತಿದ್ದಳು.

ಅಲ್ಲಿ ಅವಳು ಸಾಕುತ್ತಿದ್ದುದು ಕೆಲ್ಪ್ ಮರಿಗಳನ್ನು. ಕೆಲ್ಪ್ ಅಂದರೆ ಸಮುದ್ರದಲ್ಲಿ ಆಳುದ್ದ ಬೆಳೆಯುವ ಕಂದು ಪಾಚಿ; ನೀರು ಬೆಚ್ಚಗಾದರೆ ಪ್ರಾಣ ಬಿಡುತ್ತದೆ. ಸಮುದ್ರವೋ ವರ್ಷ ವರ್ಷ ಬಿಸಿಯಾಗುತ್ತಿದೆ. ಉತ್ತರದ ಮೇನ್ ತೀರದ ತಣ್ಣೀರಿನವು ಇಪ್ಪತ್ತು ಸೀಸೆ, ನ್ಯೂಯಾರ್ಕ್ ಪಕ್ಕದ ಬೆಚ್ಚನೆಯ ನೀರಿನವು ಇಪ್ಪತ್ತು ಸೀಸೆ, ಎಲ್ಲವೂ ಫ್ರಿಜ್ಜಿನಂಥ ಒಂದೇ ತಣ್ಣನೆಯ ಬೀರುವಿನಲ್ಲಿ. ತಲೆಮಾರುಗಳಿಂದ ಸೆಕೆ ಉಂಡವು ಸೆಕೆ ತಡೆಯುವುದನ್ನು ಕಲಿತಿವೆಯೇ ಎನ್ನುವುದು ಅಲ್ಲಿನ ಯಜಮಾನಿ ಡಾಕ್ಟರ್ ಕ್ಯಾರಲ್‌ಳ ಪ್ರಶ್ನೆ.

ಜುಲೈನ ಒಂದು ವಾರ ಆ ಬೀರುವನ್ನು ಬಾಗಿಲ ಪಕ್ಕಕ್ಕೆ ಸರಿಸಿದರು. ಶುಕ್ರವಾರ ಸಂಜೆ ನಾನು ಹಾರ್ನ್ ಮಾಡಿದೆ. ನಮ್ಮ ಸುಂದರಿ ಫ್ಯಾನ್ ಆರಿಸಿ, ದೀಪ ಆರಿಸಿ, ಪಕ್ಕದಲ್ಲೇ ಹೊಳೆಯುತ್ತಿದ್ದ ಹಸಿರು ಗುಂಡಿಯನ್ನೂ ಆರಿಸಿ ಬಂದಳು. ಅದು ಬೀರುವಿನದು!

ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದರೆ ಬೀರು ಆರಿತ್ತು. ಗುಂಡಿ ಒತ್ತಿ, ನನಗೆ ಫೋನ್ ಮಾಡಿ ಅತ್ತಳು. "ಕೊಂದ್‌ಬಿಟ್ಟೆ ಕಣೇ ರಾಜಿ. ನನ್ನ ಇನ್ನು ಒಳಗೆ ಸೇರಿಸಲ್ಲ ಅವ್ರು."

"ಬಾಯಿ ಮುಚ್ಕೊಂಡು ಸುಮ್ನಿರು. ಕರೆಂಟ್ ಹೋಗಿತ್ತು ಅಂದ್ಕೋತಾರೆ" ಎಂದೆ ನಾನು, ಮಹಾ ಬುದ್ಧಿವಂತೆ.

ಬೀರು ಬಿಸಿಯಾಗಿದ್ದುದನ್ನು ಕಂಡು ಅವರೂ ಹಾಗೇ ಅಂದುಕೊಂಡರು. ಆದರೆ ಯಾರಾದರೂ ಕರೆಂಟು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳು ಬೆಚ್ಚುತ್ತಿದ್ದಳು.

ಬುಧವಾರ ಕ್ಯಾರಲ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಕಿರುಚಿದಳಂತೆ. ಮೇನ್‌ನ ಇಪ್ಪತ್ತೂ ಬಿಳಿಚಿಕೊಂಡು ಸತ್ತಿದ್ದವು. ನ್ಯೂಯಾರ್ಕಿನವುಗಳಲ್ಲಿ ಹದಿಮೂರು ಸತ್ತು, ಏಳು ಮಾತ್ರ ಕಂದು ಬಣ್ಣ ಬಿಡದೆ ಬದುಕಿದ್ದವು! ಮರುಕ್ಷಣವೇ ಅವಳ ಮುಖ ಬಾಡಿತು. ಬೀರು ಎಷ್ಟು ಬಿಸಿಯಾಗಿತ್ತೆಂದು ಅದರೊಳಗಿನ, ಅತಿ ಹೆಚ್ಚಿನ ಬಿಸಿಯ ಗುರುತು ಉಳಿಸಿಕೊಳ್ಳುವ ಥರ್ಮಾಮೀಟರ್ ಹೇಳುತ್ತಿತ್ತು, ಎಷ್ಟು ಹೊತ್ತು ಎಂದಲ್ಲ. ಅದು ತಿಳಿಯದಿದ್ದರೆ ಈ ಏಳನ್ನು ಯಾರೂ ನಂಬುವುದಿಲ್ಲ ಎಂದಳು.

ಸುಂದರಿಗೆ ಇನ್ನು ತಡೆಯಲಾಗಲಿಲ್ಲ. ಶುಕ್ರವಾರ ಐದು ಹತ್ತರಿಂದ ಸೋಮವಾರ ಎಂಟು ನಲವತ್ತೈದರವರೆಗೆ, ಅರವತ್ಮೂರು ಗಂಟೆ ಮೂವತ್ತೈದು ನಿಮಿಷ, ಆರಿಸಿದ್ದು ನಾನೇ ಎಂದುಬಿಟ್ಟಳು. ಐದು ಹತ್ತು ಹೇಗೆ ಗೊತ್ತು? ನಾನು ಹತ್ತು ನಿಮಿಷ ತಡವಾಗಿ ಬಂದೆನೆಂದು ಗಡಿಯಾರ ತೋರಿಸಿ ಬೈದಿದ್ದಳಲ್ಲ, ಹಾಗೆ.

ಕ್ಯಾರಲ್ ಮೊದಲು ಸಮಯ ಬರೆದುಕೊಂಡಳು. ಆಮೇಲೆ ಕಾಲು ಗಂಟೆ ಬೈದಳು. ಬೈದು ಮುಗಿಸಿ, ನಾಳೆ ಎಷ್ಟು ಗಂಟೆಗೆ ಬರುತ್ತೀ ಎಂದು ಕೇಳಿದಳು. ಇದನ್ನು ಹೇಳುತ್ತ ಸುಂದರಿ ಕಾರಿನಲ್ಲಿ ಮತ್ತೆ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ.

ಆ ಏಳರ ಸಂತಾನವನ್ನು ಅವಳೇ ವರ್ಷವಿಡೀ ಸಾಕಿದಳು. ಮುಂದಿನ ಜುಲೈಗೆ ನಲವತ್ತು ಸೀಸೆ. ಇನ್ನೂ ಗಟ್ಟಿ ತಳಿ ಬೇಕಾದರೆ ಮತ್ತೆ ಸೆಕೆಗೆ ಒಡ್ಡಲೇಬೇಕು. "ಶುಕ್ರವಾರ ಐದು ಹತ್ತಕ್ಕೆ ನೀನೇ ಆರಿಸು" ಎಂದಳಂತೆ ಕ್ಯಾರಲ್, ನಗುತ್ತ.

ಅಂದು ಮೂರು ಸಲ ಹಾರ್ನ್ ಮಾಡಿದರೂ ಇವಳು ಬರಲಿಲ್ಲ. ಒಳಗೆ ಹೋದೆ. ಹಸಿರು ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದಳು. "ಎಷ್ಟು ಉಳಿತಾವೋ ರಾಜಿ. ಒಂದೊಂದನ್ನೂ ನಾನೇ ಸಾಕಿದ್ದು" ಎಂದಳು. ಆಮೇಲೆ ಒತ್ತಿದಳು.

ಸೋಮವಾರ ಬೆಳಗ್ಗೆ ಅವಳನ್ನು ಕರೆದೊಯ್ಯಲು ಹೋದರೆ, ಹಾಡಹಗಲಲ್ಲಿ ಅವರ ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಬಾಗಿಲು ತೆರೆದ ರಾಮ್‌ಗೆ ಕಣ್ಣ ತುಂಬ ನಿದ್ದೆ.

"ಶುಕ್ರವಾರದಿಂದ ಹೀಗೇ. ಅವಳೂ ಒಂದು ಸ್ವಿಚ್ ಮುಟ್ಟಲ್ಲ, ನನಗೂ ಮುಟ್ಟೋಕೆ ಬಿಡಲ್ಲ" ಎಂದ.