ಯಜಮಾನರಿಲ್ಲದ ಮೊದಲ ಮಹಡಿ

ಬೇರೆಯವರು ಮಾತಾಡುವಾಗ ಸುಮ್ಮನೆ ಕೂತಿರಲು ನನಗೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿ, ಕೊನೆಯ ಒಂಬತ್ತು ವರ್ಷ ಹೆಡ್ ಮಿಸ್ ಆಗಿದ್ದವಳು ನಾನು. ಮದುವೆ ಮನೆಗೆ ಹೋದರೆ ಎರಡನೇ ಪಂಕ್ತಿಗೆ ಯಾರ್‍ಯಾರು ಕೂರಬೇಕೆಂದು ನಾನೇ ಹೇಳುತ್ತಿರುತ್ತೇನೆ. ಒಮ್ಮೆ ಹಾಗೆ ಅರ್ಧ ಪಂಕ್ತಿ ಕೂರಿಸಿದ ಮೇಲೆ, ನಮ್ಮನ್ನು ಕರೆದಿದ್ದ ಮದುವೆ ಪಕ್ಕದ ಛತ್ರದಲ್ಲಿ ನಡೆಯುತ್ತಿದೆ ಎಂದು ಗೊತ್ತಾಯಿತು. ಇಂಥವಳು ನಿವೃತ್ತಿಯಾದ ಮೇಲೆ ಹೋಗಿ ಸೇರಿಕೊಂಡದ್ದು ಯಜಮಾನರೇ ಇಲ್ಲದ ಒಂದು ಜಾಗಕ್ಕೆ.

ಅದು ಬನಶಂಕರಿ ಕಡೆಯ ಇಟ್ಟಮಡುವಿನ ಒಂದು ಸಣ್ಣ ರಸ್ತೆಯಲ್ಲಿ, ಒಂದು ಮನೆಯ ಮೊದಲ ಮಹಡಿಯಲ್ಲಿದೆ. ಒಂದು ಹಾಲ್, ಒಂದು ರೂಮು, ಟೀ ಕಾಯಿಸಲು ಒಂದು ಅಡುಗೆಮನೆ. ಯಾರು ಬೇಕಾದರೂ ಬಂದು ಕಲಿಯಬಹುದು, ಯಾರು ಬೇಕಾದರೂ ಕಲಿಸಬಹುದು, ಎಲ್ಲವೂ ಪುಕ್ಕಟೆ. ಶನಿವಾರ ವಕೀಲೆ ಶಬಾನಾ ಕಾನೂನು ಹೇಳಿಕೊಡುತ್ತಾಳೆ. ಕಿರಣ ಎಂಬ ಹುಡುಗ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ, ಬಂದವರಿಗೂ ಆ ಕೆಲಸ ಕಲಿಸುತ್ತಾನೆ. ಕೆರೆ ಉಳಿಸಿ, ಮರ ಕಡಿಯಬೇಡಿ ಎಂದು ಯಾರಾದರೂ ರಸ್ತೆಗಿಳಿಯುವುದಿದ್ದರೆ ಅವರ ಬೋರ್ಡುಗಳೆಲ್ಲ ನಮ್ಮಲ್ಲೇ ತಯಾರಾಗುತ್ತವೆ. ಮಂಗಳವಾರ ಮಧ್ಯಾಹ್ನ ನನ್ನ ತರಗತಿ. ಮನೆಗೆಲಸ, ಅಡುಗೆ ಕೆಲಸ ಮುಗಿಸಿ ಬರುವ ಏಳೆಂಟು ಹೆಂಗಸರಿಗೆ ಓದು ಬರಹ ಕಲಿಸುತ್ತೇನೆ. ಇದಕ್ಕೆಲ್ಲ ಏನು ಹೆಸರಿಡಬೇಕೆಂದು ಮೂರು ತಿಂಗಳು ಚರ್ಚೆ ನಡೆದು, ಯಾವ ಹೆಸರಿಗೂ ಎಲ್ಲರೂ ಒಪ್ಪದೆ, ಕೊನೆಗೆ ಬರೀ ‘ಜಾಗ’ ಎಂದು ಕರೆಯುತ್ತ ಬಂದೆವು. ಬಾಗಿಲ ಮೇಲಿನ ಬೋರ್ಡಿನಲ್ಲೂ ಹೆಸರಿಲ್ಲ. ‘ಎಲ್ಲರಿಗೂ ಸ್ವಾಗತ’ ಎಂದಷ್ಟೇ ಇದೆ.

ನಮ್ಮಲ್ಲಿ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರುತ್ತೇವೆ. ಒಂದು ಮರದ ಸೌಟು ಕೈಯಿಂದ ಕೈಗೆ ಹೋಗುತ್ತದೆ. ಸೌಟು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಯಾವ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಒಬ್ಬರು ಒಪ್ಪದಿದ್ದರೂ ವಿಷಯ ಮುಂದಿನ ಭಾನುವಾರಕ್ಕೆ ಹೋಗುತ್ತದೆ. ಟೀಗೆ ಸಕ್ಕರೆ ಮೊದಲೇ ಹಾಕಬೇಕೋ, ಬೇರೆ ಇಡಬೇಕೋ ಎಂಬುದು ನಾಲ್ಕು ಭಾನುವಾರ ತೆಗೆದುಕೊಂಡಿತು. ಮೊದಲ ಸಲ ನಾನು ನಡುವೆ ಬಾಯಿ ಹಾಕಿದಾಗ ಕಿರಣ ಬಹಳ ಮರ್ಯಾದೆಯಿಂದ, “ಆಂಟಿ, ಸೌಟು” ಎಂದ. ಒಂದು ನೋಟದಲ್ಲಿ ಇಡೀ ಪ್ರಾರ್ಥನಾ ಸಭೆಯನ್ನು ತೆಪ್ಪಗಾಗಿಸುತ್ತಿದ್ದವಳಿಗೆ ಹೇಗಾಗಬೇಡ! ಮನೆಗೆ ಬಂದು ನಮ್ಮ ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಪೇಪರಿನಿಂದ ತಲೆಯೆತ್ತದೆ, “ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಸುಮ್ಮನೆ ಹೇಳಿದ್ರಾ?” ಎಂದರು. ಅವರಿಗೆ ಒಳಗೊಳಗೇ ಖುಷಿಯಾಗಿತ್ತು ಎಂದು ನನ್ನ ಗುಮಾನಿ.

ಯಜಮಾನರು ಎಂದೆನಲ್ಲ, ಆ ಪದದ ಬಗ್ಗೆ ನಾನು ಈಚೆಗೆ ಬಹಳ ಯೋಚಿಸಿದ್ದೇನೆ. ಊರಿಗೆ ಯಜಮಾನರು, ಕುಲಕ್ಕೆ ಯಜಮಾನರು, ಮನೆಗೆ ಯಜಮಾನರು. ಬಾಗಿಲು ತಟ್ಟಿದವರು ಮೊದಲು ಕೇಳುವುದೇ ‘ಯಜಮಾನ್ರು ಇದಾರಾ?’ ಅಂತ. ಶಾಸ್ತ್ರದ ಪ್ರಕಾರ ಯಜಮಾನ ಎಂದರೆ ಯಜ್ಞ ಮಾಡಿಸುವವನು. ಮಂತ್ರ ಹೇಳುವವರು ಬೇರೆ, ಊಟ ಮಾಡುವವರು ಬೇರೆ. ಇವನ ಪಾಲಿಗೆ ಬರುವುದು ಹೊಗೆ. ಕಣ್ಣೊರೆಸಿಕೊಳ್ಳುತ್ತ, ಹೇಳಿದಾಗ ತುಪ್ಪ ಹಾಕುತ್ತ ಕೂತಿರಬೇಕು. ನಮ್ಮ ಮನೆಯ ಯಜಮಾನರಂತೂ ಮದುವೆಯಾದ ಮೇಲೆ ಯಾವ ತರಕಾರಿ ತರಬೇಕೆಂದು ಕೂಡ ಸ್ವತಃ ತೀರ್ಮಾನಿಸಿದವರಲ್ಲ. ಇಷ್ಟೆಲ್ಲ ತಿಳಿದೂ ನನಗೆ ಆ ಪಟ್ಟದ ಮೇಲಿನ ಆಸೆ ಹೋಗಿರಲಿಲ್ಲ. ಅದು ಹೊರಬಿದ್ದದ್ದು ನಂಜುಂಡಪ್ಪನವರಿಂದ.

ನಂಜುಂಡಪ್ಪನವರು ಆ ಮನೆಯ ಓನರು. ಕೆಳಗಿನ ಮನೆಯಲ್ಲಿ ಹೆಂಡತಿ ಲಕ್ಷ್ಮಮ್ಮನವರ ಜೊತೆ ಇದ್ದಾರೆ. ಆ ಸುತ್ತಮುತ್ತ ಲೇಔಟು ಆಗುವ ಮೊದಲು ಅಲ್ಲಿ ಹೊಲ ಉಳುತ್ತಿದ್ದ ಮನೆತನ. ಒಂದು ಸೋಮವಾರ ಅವರು ಮೆಟ್ಟಿಲು ಹತ್ತಿ ಬಂದು, “ಇಲ್ಲಿ ಯಜಮಾನ್ರು ಯಾರಪ್ಪಾ?” ಎಂದು ಕಿರಣನನ್ನು ಕೇಳಿದರು.

“ಯಜಮಾನ್ರು ಅಂತ ಯಾರೂ ಇಲ್ಲ ಅಂಕಲ್, ಎಲ್ರೂ ಒಂದೇ.”

“ಅಗ್ರಿಮೆಂಟಿಗೆ ಸೈನ್ ಹಾಕಿದ್ಲಲ್ಲ, ಆ ಹುಡುಗಿ?”

“ಅವ್ರು ಧಾರವಾಡಕ್ಕೆ ಹೋದ್ರು ಅಂಕಲ್.”

ಅವರು ಇಳಿದು ಹೋದರು. ಶನಿವಾರ ಮತ್ತೆ ಹತ್ತಿ ಬಂದು ಶಬಾನಾಳನ್ನು ಕೇಳಿದರು. ವಿಷಯವೇನೆಂದು ಹೇಳಿ, ಮೀಟಿಂಗಿನಲ್ಲಿ ಇಡುತ್ತೇವೆ, ಎಲ್ಲರೂ ಸೇರಿ ಮಾತಾಡುತ್ತೇವೆ ಎಂದು ಅವಳು ಹೇಳಿದಳು. ನಾನು ಎಲ್ಲರ ಜೊತೆ ಮಾತಾಡಕ್ಕೆ ಬಂದಿಲ್ಲ, ಒಬ್ಬರ ಜೊತೆ ಮಾತಾಡಬೇಕು ಎಂದು ಅವರೆಂದರು. ಹೀಗೆ ಎರಡು ವಾರ ನಡೆಯಿತು. ಕಚೇರಿಗಳಲ್ಲಿ ಬಡವರನ್ನು ಅಲೆಸಬಾರದೆಂದು ಬೋರ್ಡು ಬರೆಯುವ ನಾವು, ಒಬ್ಬ ಹಿರಿಯರನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಸಿದ ಹಾಗೆ ಅಲೆಸಿದೆವು. ಅದೂ ಅವರದೇ ಮನೆಯಲ್ಲಿ.

ಆಮೇಲಿನ ಮಂಗಳವಾರ ನನ್ನ ತರಗತಿ ನಡೆದಿತ್ತು. ಬೋರ್ಡಿನ ಮುಂದೆ ರತ್ನಮ್ಮ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಮೂರು ಮನೆಯಲ್ಲಿ ಅಡುಗೆ ಮಾಡುವ ಅವಳಿಗೆ ಒಂದೇ ಹಟ. ಅವಳಿರುವ ಗಲ್ಲಿಯಲ್ಲಿ ಬೀದಿದೀಪವಿಲ್ಲ. ಅದಕ್ಕೆ ಅರ್ಜಿಯನ್ನು ತಾನೇ, ತನ್ನ ಕೈಯಿಂದಲೇ ಬರೆಯಬೇಕು. ಬೇರೆಯವರು ಬರೆದುಕೊಟ್ಟದ್ದಕ್ಕೆ ಹೆಬ್ಬೆಟ್ಟು ಒತ್ತಿದ್ದು ಸಾಕಾಗಿದೆ ಎನ್ನುತ್ತಿದ್ದಳು. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದೆವು. ಅಷ್ಟರಲ್ಲಿ ನಂಜುಂಡಪ್ಪನವರು ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತ, “ಇಲ್ಲಿ ಯಜಮಾನ್ರು ಯಾರಮ್ಮಾ?” ಎಂದರು.

“ನಾನೇ, ಹೇಳಿ” ಎಂದಿತು ನನ್ನ ಬಾಯಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವರ ಮುಖ ಅರಳಿತು. “ಅಬ್ಬಾ, ಸದ್ಯ ಸಿಕ್ಕಿದ್ರಲ್ಲ! ಮುಂದಿನ ತಿಂಗ್ಳು ಕೊನೆಗೆ ಖಾಲಿ ಮಾಡ್ಬಿಡಿ ಮೇಡಂ. ಹೇಳಾಯ್ತು ನಾನು” ಎಂದು ಹಗುರಾಗಿ ಇಳಿದು ಹೋದರು.

ನೋಡಿ, ಎರಡು ವಾರ ನಮ್ಮನ್ನು ಕಾಪಾಡಿದ್ದು ಯಜಮಾನರಿಲ್ಲದಿರುವುದೇ. ನೋಟಿಸು ತೆಗೆದುಕೊಳ್ಳುವ ಕೈಯೇ ಇರಲಿಲ್ಲ. ನಾನು ಎರಡು ಕೈ ಚಾಚಿ ಇಸಕೊಂಡೆ. ರತ್ನಮ್ಮ ಸೀಮೆಸುಣ್ಣ ಕೆಳಗಿಟ್ಟು, “ಖಾಲಿ ಮಾಡೋದಾ ಮಿಸ್? ಇನ್ನೂ ಒತ್ತಕ್ಷರ ಮುಗ್ದಿಲ್ವಲ್ಲ” ಎಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇರೆ ಮನೆ ಹುಡುಕಬಹುದು, ನಿಜ. ಆದರೆ ಬೋರ್ಡು ಬರೆಯುವವರು, ಹತ್ತು ತರಹದ ಜನ ಬಂದುಹೋಗುವವರು ಎಂದರೆ ಯಾವ ಓನರೂ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಈ ಜಾಗ ಸಿಗಲು ಒಂದು ವರ್ಷ ಅಲೆದಿದ್ದರಂತೆ. ಅಷ್ಟು ದಿನ ರತ್ನಮ್ಮ ಕಾಯುತ್ತಾಳೆಯೇ? ಈ ವಯಸ್ಸಿನಲ್ಲಿ ಒಮ್ಮೆ ಬಿಟ್ಟ ಸ್ಲೇಟನ್ನು ಯಾರೂ ಮತ್ತೆ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮರುದಿನ ನಂಜುಂಡಪ್ಪನವರನ್ನು ಗೇಟಿನ ಹತ್ತಿರ ಕಂಡು, ಭಾನುವಾರ ಒಂದು ಸಲ ಮೇಲೆ ಬಂದು ಎಲ್ಲರ ಮುಂದೆ ಹೇಳಿಬಿಡಿ ಎಂದು ಬೇಡಿಕೊಂಡೆ. ಬಂದರು. ಚಾಪೆಯ ಮೇಲೆ ಕೂರಲು ಮಂಡಿ ಬಗ್ಗದು ಎಂದಾಗ ಕಿರಣ ಕುರ್ಚಿ ಹಾಕಿದ. ಮೊದಲು ಸೌಟು ನಾನು ತೆಗೆದುಕೊಂಡು ನನ್ನ ಅಪರಾಧ ಒಪ್ಪಿಕೊಂಡೆ. ನನ್ನನ್ನು ಎಲ್ಲದರಿಂದ ತೆಗೆದುಹಾಕಿ ಎಂದೂ ಹೇಳಿದೆ. ಸೌಟು ತನ್ನ ಸರದಿಗೆ ಬಂದಾಗ ಶಬಾನಾ, “ಆಂಟಿ, ಕೆಳಗಿಳ್ಸೋಕೆ ಮೊದ್ಲು ನಿಮ್ಮನ್ನ ನೇಮಕ ಮಾಡ್ಬೇಕಲ್ಲ, ಅದಕ್ಕೇ ನಾಲ್ಕು ಭಾನುವಾರ ಬೇಕು” ಎಂದಳು. ನಗು ಬಂತು, ಅಳುವೂ ಬಂತು.

ಕೊನೆಗೆ ಸೌಟು ನಂಜುಂಡಪ್ಪನವರಿಗೆ ಹೋಯಿತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ಯಾಕೆ?” ಎಂದರು.

“ಅದು ನಿಮ್ಮ ಕೈಲಿರೋವರ್ಗೂ ನಾವ್ಯಾರೂ ಬಾಯಿ ಬಿಡಲ್ಲ ಅಂಕಲ್” ಎಂದ ಕಿರಣ.

ಅವರು ಚಪ್ಪಲಿಯಿಂದ ಶುರುಮಾಡಿದರು. ಮೆಟ್ಟಿಲ ತುಂಬ ಚಪ್ಪಲಿ, ಕಾಲಿಡೋಕೆ ಜಾಗವಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆಲ್ಲ ಬಣ್ಣದ ಕಲೆ. ನಾಳೆ ಪೊಲೀಸು ಗಿಲೀಸು ಬಂದರೆ ಏನು ಗತಿ? ಅಲ್ಲಿಗೆ ಮುಗಿಸಿ ಸುಮ್ಮನಾದರು. ನಾವೂ ಸುಮ್ಮನಿದ್ದೆವು. ಅಡ್ಡ ಬಾಯಿ ಹಾಕುವವರು ಯಾರೂ ಇಲ್ಲದಿದ್ದರೆ ಮನುಷ್ಯ ತಾನು ಹೇಳಬೇಕೆಂದು ಬಂದದ್ದನ್ನು ಮುಗಿಸಿ, ಹೇಳಬಾರದೆಂದುಕೊಂಡದ್ದಕ್ಕೆ ಬರುತ್ತಾನೆ. ನನಗಿದು ಅಷ್ಟು ವರ್ಷದ ನೌಕರಿಯಲ್ಲಿ ಗೊತ್ತಾಗಿರಲಿಲ್ಲ. ನಾನು ಯಾರಿಗೂ ಅಷ್ಟು ಹೊತ್ತು ಕೊಟ್ಟೇ ಇರಲಿಲ್ಲ.

“ಮೂರು ವರ್ಷ ಆಯ್ತು” ಎಂದರು ಅವರು, ಸೌಟು ನೋಡುತ್ತ. “ಎಲ್ಲರಿಗೂ ಸ್ವಾಗತ ಅಂತ ಬೋರ್ಡ್ ಹಾಕಿದೀರ. ನಮ್ಮನೆಯವ್ಳು ದಿನಾ ಕೇಳ್ತಾಳೆ, ಮೇಲೆ ಅಷ್ಟೊಂದು ನಗ್ತಾರಲ್ಲ, ಏನ್ ಮಾಡ್ತಾರೆ ಅಂತ. ನಂಗೇನ್ ಗೊತ್ತು? ಒಂದಿನ ಯಾರಾದ್ರೂ ಬಾಗಿಲಿಗೆ ಬಂದು, ಬನ್ನಿ ಅಂತ ಕರೆದ್ರಾ? ಇದು ನಮ್ಮ ಹೊಲ ಆಗಿತ್ತು. ಆವಾಗ ಅವರೆಕಾಯಿ ಬಿಡ್ಸೋಕೂ ಅಕ್ಕಪಕ್ಕದ ಮನೆಗೋಗಿ ಕರ್ಕೊಂಡ್ ಬರ್ತಿದ್ವಿ.”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಮ್ಮ ಕಡೆ ಬೋರ್ಡು ಯಾವತ್ತಾದರೂ ಕರೆಯೋಲೆ ಆದದ್ದುಂಟೇ? ಕುಂಕುಮದ ಭರಣಿ ಹಿಡಿದು ಬಾಗಿಲಿಗೆ ಹೋಗಿ, ಒಳಗೆ ಕೂತು, ನೀರು ಕುಡಿದು, ‘ಖಂಡಿತ ಬರಬೇಕು’ ಎಂದು ಎರಡು ಸಲ ಹೇಳಿದರೆ ಮಾತ್ರ ಕರೆದ ಹಾಗೆ. ಹೋದ ವರ್ಷ ನನ್ನ ಚಿಕ್ಕಪ್ಪನ ಮೊಮ್ಮಗಳ ಮದುವೆಯ ಪತ್ರಿಕೆ ಬರೀ ವಾಟ್ಸಾಪಿನಲ್ಲಿ ಬಂತೆಂದು ಮುನಿಸಿಕೊಂಡು ಮನೆಯಲ್ಲೇ ಕೂತವಳು ನಾನು. ಆ ನಾನೇ ಮೂರು ವರ್ಷ ವಾರವಾರವೂ ಲಕ್ಷ್ಮಮ್ಮನವರ ಬಾಗಿಲ ಮುಂದಿನ ರಂಗೋಲಿ ದಾಟಿಕೊಂಡು ಮೆಟ್ಟಿಲು ಹತ್ತಿದ್ದೆ. ಇಡೀ ಬನಶಂಕರಿಗೆ ಬೆಳಕು ಕೊಡುತ್ತೇವೆಂದು ಹೊರಟವರ ದೀಪದ ಬುಡದಲ್ಲಿ ಕತ್ತಲೆ.

ಸೋಮವಾರ ಬೆಳಿಗ್ಗೆ ಭರಣಿ, ಒಂದು ಮೊಳ ಮಲ್ಲಿಗೆ ಹಿಡಿದು ಕೆಳಗಿನ ಮನೆಗೆ ಹೋದೆ. ಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಏನಮ್ಮಾ ಫಂಕ್ಷನ್ನು? ಮಗಳ ಮದುವೇನಾ?” ಎಂದರು.

“ಫಂಕ್ಷನ್ ಏನಿಲ್ಲ. ನಾಳೆ ಮೂರು ಗಂಟೆಗೆ ಮೇಲೆ ಬನ್ನಿ ಅಂತ ಕರೆಯೋಕೆ ಬಂದೆ. ಖಂಡಿತ ಬರಬೇಕು.”

ಅವರು ಕುಂಕುಮ ಇಟ್ಟುಕೊಂಡು, ಹೂವು ಮುಡಿದು, ನನ್ನನ್ನು ಕೂರಿಸಿ ಕಾಫಿ ಕೊಟ್ಟರು. “ಕರೆದ್ರಲ್ಲ, ಬರ್ತೀನಿ” ಎಂದರು.

ಬಂದರು. ಅವರಿಗೂ ಅ ಆ ಇ ಈ ಇಂದ ಶುರುಮಾಡಬೇಕೇನೋ ಎಂದು ಹೊಸ ಸ್ಲೇಟು ತಂದಿಟ್ಟಿದ್ದೆ. ಲಕ್ಷ್ಮಮ್ಮ ಎಸ್ಸೆಸ್ಸೆಲ್ಸಿ ಪಾಸು! ಅಕ್ಷರ ನನ್ನದಕ್ಕಿಂತ ದುಂಡಗೆ. ಈಗ ರತ್ನಮ್ಮನಿಗೆ ಒತ್ತಕ್ಷರ ತಿದ್ದಿಸುವವರು ಅವರೇ. ನಾನು ಹೇಳಿಕೊಡಲು ಬಾಯಿ ತೆರೆದರೆ, “ತಾಳಿ ಮಿಸ್, ಅವ್ಳೇ ಬರೀಲಿ” ಎನ್ನುತ್ತಾರೆ. ಬೀದಿದೀಪದ ಅರ್ಜಿ ಹೋದ ವಾರ ಮುಗಿಯಿತು. ಎರಡು ಕಡೆ ತಪ್ಪಿತ್ತು. ತಿದ್ದಲು ಹೋದ ನನ್ನ ಕೈಯನ್ನು ರತ್ನಮ್ಮ ಸರಿಸಿ, ಹಾಗೆಯೇ ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡು ಹೋದಳು.

ಖಾಲಿ ಮಾಡುವ ವಿಷಯ ಏನಾಯಿತೆಂದು ಕೇಳುತ್ತೀರಿ. ಅದು ಇನ್ನೂ ತೀರ್ಮಾನವಾಗಿಲ್ಲ. ಪ್ರತಿ ಭಾನುವಾರ ಪಟ್ಟಿಯಲ್ಲಿರುತ್ತದೆ. ಸೌಟು ಸುತ್ತಿಕೊಂಡು ಕುರ್ಚಿಯ ಹತ್ತಿರ ಬಂದಾಗ, ಈಗ ವಾರವೂ ತಪ್ಪದೆ ಬಂದು ಕೂರುವ ನಂಜುಂಡಪ್ಪನವರು ಗಂಭೀರವಾಗಿ, “ಖಾಲಿ ಮಾಡೋಕೆ ನನ್ನ ಒಪ್ಪಿಗೆ ಇಲ್ಲ, ಮುಂದಕ್ಕೆ ಹಾಕಿ” ಎನ್ನುತ್ತಾರೆ. ಒಬ್ಬರು ಒಪ್ಪದಿದ್ದರೂ ಮುಂದಕ್ಕೆ ಹಾಕಬೇಕಲ್ಲ, ಹಾಕುತ್ತೇವೆ.

ಮೊನ್ನೆ ಹೊಸಬರೊಬ್ಬರು ಕೈಯಲ್ಲಿ ಫೈಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಒಳಗೆಲ್ಲ ಕಣ್ಣಾಡಿಸಿ, “ಇಲ್ಲಿ ಯಜಮಾನ್ರು ಯಾರು?” ಎಂದರು. ನನ್ನ ಬಾಯಿ ಹಳೇ ಅಭ್ಯಾಸದಂತೆ ತೆರೆದೇಬಿಟ್ಟಿತು. ಅಷ್ಟರಲ್ಲಿ ಕುರ್ಚಿಯಿಂದ ನಂಜುಂಡಪ್ಪನವರ ದನಿ ಬಂತು: “ಯಜಮಾನ್ರು ಅಂತ ಇಲ್ಲಿ ಯಾರೂ ಇಲ್ಲ ಸ್ವಾಮಿ. ಚಪ್ಪಲಿ ಪಕ್ಕಕ್ಕೆ ಬಿಟ್ಟು ಒಳಗ್ ಬನ್ನಿ.”

ನಾನು ಬಾಯಿ ಮುಚ್ಚಿಕೊಂಡೆ. ಯಾರೂ ‘ಸೌಟು’ ಎನ್ನದೆಯೇ ಮುಚ್ಚಿಕೊಂಡದ್ದು ಅದೇ ಮೊದಲು.