ಮೊದಲು ಎದುರಾಳಿಯ ಮಾತು

ಸರ್ವೋತ್ತಮ ರಾಯರು ಯಾರೊಡನೆಯಾದರೂ ಜಗಳವಾಡಿದ್ದನ್ನು ಅವರ ಹೆಂಡತಿ ವನಮಾಲಾ ಈವರೆಗೆ ಕಂಡಿಲ್ಲ. ಜಗಳಕ್ಕೆ ಇಬ್ಬರು ಬೇಕು ತಾನೆ? ಈ ಪುಣ್ಯಾತ್ಮರೋ ಎದುರಿನವರ ಪಾಲಿನ ಮಾತನ್ನೂ ತಾವೇ ಆಡಿಬಿಡುವವರು. ಡೊಂಬಿವ್ಲಿಯ ಅವರ ಬಿಲ್ಡಿಂಗಿನ ಕೆಳಗಿನ ಮನೆಯವರು, ನಿಮ್ಮ ಬಾತ್‌ರೂಮಿನಿಂದ ನೀರು ಸೋರುತ್ತಿದೆಯೆಂದು ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡು ಬಂದರೆ, “ನಿಮ್ಮ ಕಡೆಯಿಂದ ನೋಡಿದರೆ...” ಎಂದು ಶುರುಮಾಡಿ, ಅವರಿಗೇ ಹೊಳೆಯದ ನಾಲ್ಕು ಕಾರಣಗಳನ್ನು ಕೈಗಿತ್ತು ಕಳಿಸುತ್ತಿದ್ದರು. “ನೀವು ವಕೀಲರಾಗ್ಲಿಲ್ಲ, ಅದೇ ದೊಡ್ಡ ಪುಣ್ಯ ಮಾರಾಯ್ರೇ. ನಿಮ್ಮ ಕಕ್ಷಿಗಾರ ಗಲ್ಲಿಗೇ ಹೋಗ್ತಿದ್ದ” ಎಂದು ವನಮಾಲಾ ಹಣೆ ಚಚ್ಚಿಕೊಳ್ಳುತ್ತಿದ್ದರು.

ತಪ್ಪು ರಾಯರದಲ್ಲ, ಕಲಿತ ವಿದ್ಯೆಯದು. ಹುಡುಗನಾಗಿದ್ದಾಗ ಅವರು ಉಡುಪಿಯ ಪಾಠಶಾಲೆಯಲ್ಲಿ ತರ್ಕ ಓದಿದವರು. ಅಲ್ಲಿಯ ವಾದಕ್ಕೆ ಒಂದು ಕಟ್ಟಳೆ ಇತ್ತು. ಸಭೆಯಲ್ಲಿ ಎದ್ದು ನಿಂತವನು ಮೊದಲು ಎದುರಾಳಿಯ ಮಾತನ್ನು ಹೇಳಬೇಕು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಎಷ್ಟು ಚೆನ್ನಾಗಿ ಹೇಳಬೇಕೆಂದರೆ, “ಹೌದಪ್ಪಾ, ನಾನು ಹೇಳಬೇಕೆಂದಿದ್ದು ಇದನ್ನೇ” ಎಂದು ಎದುರಾಳಿಯೇ ತಲೆದೂಗಬೇಕು. ಆಮೇಲೆ ಅದಕ್ಕೆ ಉತ್ತರ, ಕೊನೆಗೆ ತನ್ನ ಸಿದ್ಧಾಂತ. ಎದುರಾಳಿಯ ಮಾತನ್ನು ಕುಂಟಾಗಿಸಿ ಗೆದ್ದವನನ್ನು ಗುರುಗಳು ಸಭೆಯಿಂದಲೇ ಎಬ್ಬಿಸುತ್ತಿದ್ದರು. ಮುಂದೆ ಊರು ಬಿಟ್ಟು ನೌಪಾಡಾದ ಸೋದರಮಾವನ ಹೊಟೇಲಿಗೆ ಬಂದು, ಗಲ್ಲಾದಲ್ಲಿ ಕೂತುಕೊಂಡೇ ಕಾಲೇಜು ಮುಗಿಸಿ, ತತ್ವಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಕಲ್ಯಾಣದ ಕನ್ನಡ ಸಂಘವೊಂದರ ಕಾಲೇಜಿನಲ್ಲಿ ಅಧ್ಯಾಪಕರಾದರು. ಆ ಕಟ್ಟಳೆ ಮಾತ್ರ ಮೈಗಂಟಿಕೊಂಡೇ ಬಂತು.

ಅವರು ಸೇರಿದ ಕಾಲಕ್ಕೆ ತತ್ವಶಾಸ್ತ್ರ ವಿಭಾಗ ತುಂಬಿದ ಮನೆ. ಮನಶ್ಶಾಸ್ತ್ರ ಅದರ ಒಳಗೇ ಇತ್ತು. ಮೊದಲು ಅದು ಬೇರೆಯಾಯಿತು, ಹೋಗುವಾಗ ಗಾಳಿ ಬೆಳಕಿನ ದೊಡ್ಡ ಕೋಣೆಯನ್ನೂ ಒಯ್ದಿತು. ಬಳಿಕ ತರ್ಕವನ್ನು ಕಂಪ್ಯೂಟರಿನವರು ಬೇರೆ ಹೆಸರಿಟ್ಟು ಕರೆದುಕೊಂಡು ಹೋದರು. ನೀತಿಶಾಸ್ತ್ರ ಮ್ಯಾನೇಜ್‌ಮೆಂಟಿನವರ ಪಾಲಾಯಿತು. ಅಲ್ಲಿ ಅದು ವಾರಕ್ಕೊಂದು ತಾಸು, ಹತ್ತು ಸ್ಲೈಡು. ಹೋದವರೆಲ್ಲ ಬೆಳೆದರು, ಸುಳ್ಳೇಕೆ ಹೇಳಬೇಕು. ಉಳಿದದ್ದು ಮೆಟ್ಟಿಲ ಪಕ್ಕದ ಕೋಣೆ, ರಾಯರು, ಮತ್ತು ಸೌಜನ್ಯ.

ಸೌಜನ್ಯ ಕಳವಾ ಎಂಬ ಊರಿನ ಹುಡುಗಿ. ಅಪ್ಪ ಕ್ಯಾಂಟೀನಿನಲ್ಲಿ ಅಡುಗೆಯವರು. ಬೇರೆಲ್ಲೂ ಸೀಟು ಸಿಗದೆ ತತ್ವಶಾಸ್ತ್ರಕ್ಕೆ ಬಂದವಳು, ಮೊದಲ ವಾರವೇ ರಾಯರ ಮಾತಿಗೆ ಅಡ್ಡ ನಿಂತು ಅವರ ಬೆವರಿಳಿಸಿದಳು. ಅಂದೇ ರಾಯರಿಗೆ ಅವಳ ಮೇಲೆ ಜೀವ. ಇನ್ನೊಬ್ಬರು ಹೇಳಿದ್ದನ್ನು ನಾವು ಎಷ್ಟರಮಟ್ಟಿಗೆ ತಿಳಿವಳಿಕೆಯೆಂದು ಒಪ್ಪಬಹುದು ಎಂಬ ಪ್ರಶ್ನೆಯ ಮೇಲೆ ಅವಳಿಂದ ಸಂಶೋಧನೆ ಮಾಡಿಸಿದರು. ಅದನ್ನು ನೋಡಿದ ಸಮಿತಿಯಲ್ಲಿ ಮನಶ್ಶಾಸ್ತ್ರದವರು ಪ್ರಶ್ನಾವಳಿ ಎಲ್ಲಿ ಎಂದರು, ಕಂಪ್ಯೂಟರಿನವರು ಡೇಟಾ ಎಲ್ಲಿ ಎಂದರು. ಸೌಜನ್ಯ ಎರಡನ್ನೂ ಸೇರಿಸಿ, ಕಣ್ಣೀರು ನುಂಗಿ, ಡಾಕ್ಟರೇಟು ಪಡೆದಳು. ಈಗ ಅದೇ ವಿಭಾಗದಲ್ಲಿ ತಾಸಿನ ಲೆಕ್ಕದ ಅಧ್ಯಾಪಕಿ. ಕಲಿಸಿದ ತಾಸಿಗಷ್ಟೇ ಸಂಬಳ. “ನಾನು ನಿವೃತ್ತನಾದ ಮೇಲೆ ಈ ಕುರ್ಚಿ ನಿನ್ನದೇ” ಎಂದು ರಾಯರು ಮಾತು ಕೊಟ್ಟಿದ್ದರು. ಅದನ್ನು ನಂಬಿ ಅವಳು ಐರೋಲಿಯ ಕಂಪನಿಯೊಂದು ಕರೆದು ಕೊಟ್ಟ ಕೆಲಸವನ್ನೂ ಬಿಟ್ಟಿದ್ದಳು.

ರಾಯರ ನಿವೃತ್ತಿ ಹತ್ತಿರವಾದಾಗ ಸಂಘದ ಸಭೆ ಸೇರಿತು. ತತ್ವಶಾಸ್ತ್ರ ಮುಚ್ಚಿ ಆ ಜಾಗದಲ್ಲಿ ಡೇಟಾ ಸೈನ್ಸ್ ತೆರೆಯಬೇಕೇ ಎಂಬುದು ವಿಷಯ. ಅಧ್ಯಕ್ಷರು ಲತೀಶ ಶೆಟ್ರು, ನೌಪಾಡಾದ ದೊಡ್ಡ ಹೊಟೇಲಿನವರು, ಒಳ್ಳೆಯ ಮನುಷ್ಯ. “ಮೊದಲು ಸರ್ ಮಾತಾಡಲಿ. ಅವರ ಮಾತು ಕೇಳದೆ ತೀರ್ಮಾನ ಬೇಡ” ಎಂದರು.

ರಾಯರು ಎದ್ದರು. ಎದ್ದವರು ಏನು ಮಾಡಿದರು? ಅಯ್ಯೋ, ಇನ್ನೇನು ಮಾಡಿಯಾರು! ಪೂರ್ವಪಕ್ಷದಿಂದ ಶುರುಮಾಡಿದರು.

“ಶಾಸ್ತ್ರಗಳೂ ನಮ್ಮ ಹೊಟೇಲುಗಳ ಹಾಗೆ. ಒಂದೇ ಅಡುಗೆಮನೆಯಲ್ಲಿ ಪಳಗಿದವರು ಹೊರಗೆ ಹೋಗಿ ತಮ್ಮ ತಮ್ಮ ಹೊಟೇಲು ಇಟ್ಟರು. ಈಗ ಗಿರಾಕಿ ಇರುವುದು ಅಲ್ಲಿ. ಹಳೆ ಒಲೆಯನ್ನು ಬರೀ ಅಭಿಮಾನಕ್ಕಾಗಿ ಉರಿಸ್ತಾ ಕೂತರೆ ಸೌದೆ ದಂಡ. ನಾವು ಕೇಳ್ತಿದ್ದ ಪ್ರಶ್ನೆಗಳು ಸತ್ತಿಲ್ಲ, ಬೇರೆ ಕೋಣೆಗಳಲ್ಲಿ ಇನ್ನೂ ಚೆನ್ನಾಗಿ ಕೇಳ್ತಿದ್ದಾರೆ. ಮತ್ತೆ, ಕಷ್ಟಪಟ್ಟು ಮಗನನ್ನು ಓದಿಗೆ ಕಳಿಸುವ ತಂದೆ ತಾಯಿ ಇದ್ದಾರಲ್ಲ, ಅವರ ಮಗನನ್ನು ನಮ್ಮ ಅಭಿಮಾನ ಉಳಿಸ್ಲಿಕ್ಕೆ ಬೆಂಚಿನ ಮೇಲೆ ಕೂರಿಸುವ ಹಕ್ಕು ನಮಗೆಂತ ಉಂಟು?”

ಇಷ್ಟು ಸೊಗಸಾಗಿ ಆ ಮಾತನ್ನು ಹೇಳಲು ಅಲ್ಲಿದ್ದ ಯಾರಿಂದಲೂ ಆಗುತ್ತಿರಲಿಲ್ಲ. ರಾಯರು ಉಸಿರೆಳೆದುಕೊಂಡು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಶೆಟ್ರು ಎದ್ದು ನಿಂತು ಕೈ ಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಎಂಥಾ ಮಾತು ಮಾರಾಯ್ರೇ! ತನ್ನ ವಿಭಾಗವನ್ನು ತಾನೇ ಬಿಟ್ಟುಕೊಡುವ ಮನುಷ್ಯನನ್ನು ನಾನು ಈವತ್ತೇ ನೋಡಿದ್ದು. ನೀವೇ ಹೇಳಿದ ಮೇಲೆ ಇನ್ನು ಚರ್ಚೆ ಎಂತದ್ದು?”

ಚಪ್ಪಾಳೆ ಬಿತ್ತು. “ಇಲ್ಲ, ಅದು ಪೂರ್ವಪಕ್ಷ... ನಂದು ಇನ್ನು...” ಎಂದು ರಾಯರು ಅಂದದ್ದು ಪಕ್ಕದವರಿಗೂ ಕೇಳಿಸಲಿಲ್ಲ. ಅಧ್ಯಕ್ಷರು ಎದ್ದು ನಿಂತಾಗ ಮಾತಾಡಬಾರದೆಂಬುದೂ ಅವರು ಕಲಿತ ಕಟ್ಟಳೆಯೇ. ಅಷ್ಟರಲ್ಲಿ ಚಹಾ, ಗೋಳಿಬಜೆ ಬಂತು. ಚಹಾ ಆದ ಮೇಲೆ ತಮ್ಮನ್ನು ಕರೆದಾರು ಎಂದು ರಾಯರು ಕಾದರು. ಚಹಾ ಆದ ಮೇಲೆ ಸಭೆ ಲಿಫ್ಟಿನ ರಿಪೇರಿಯ ವಿಷಯಕ್ಕೆ ಹೋಯಿತು.

ಆ ಸಂಜೆ ರಾಯರು ಡೊಂಬಿವ್ಲಿಯಲ್ಲಿ ಇಳಿಯಲಿಲ್ಲ. ಅದೇ ಲೋಕಲ್ ರೈಲಿನಲ್ಲಿ ಮುಂದೆ ಕಳವಾ ಸ್ಟೇಷನ್ನಿನವರೆಗೆ ಹೋಗಿ ಸೌಜನ್ಯಳ ಬಾಗಿಲಲ್ಲಿ ನಿಂತರು. ಈ ಸುದ್ದಿ ಅವಳಿಗೆ ಬೇರೆ ಯಾರ ಬಾಯಿಂದಲೂ ತಿಳಿಯಬಾರದು, ಅಷ್ಟು ಮಾತ್ರ ಅವರಿಗೆ ಗೊತ್ತಿತ್ತು. ಅವಳು ಟ್ಯೂಷನ್ನಿನ ಮಕ್ಕಳನ್ನು ಮನೆಗೆ ಕಳಿಸಿ, ಅವರು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದಳು.

“ಮತ್ತೆ ಸಿದ್ಧಾಂತ, ಸರ್? ವೋ ಕಬ್ ಬೋಲಾ?”

“ಹೇಳ್ಲಿಕ್ಕೆ ಆಗ್ಲಿಲ್ಲ.”

“ಈಗ ಹೇಳಿ. ನಾನಾದ್ರೂ ಕೇಳ್ತೀನಿ.”

ರಾಯರು ಹೇಳಿದರು. ಯಾವ ಶಾಸ್ತ್ರಕ್ಕೂ ತನ್ನ ಬೇಲಿ ತನಗೆ ಕಾಣುವುದಿಲ್ಲ. ಯಾರಿಗೆ ಕೆಲಸ ಕೊಡಬಾರದು, ಯಾರನ್ನು ನಂಬಬಾರದು ಎಂದು ಯಂತ್ರ ಲೆಕ್ಕಹಾಕಿ ಹೇಳುತ್ತದೆ, ಹಾಗೆ ಹೇಳುವುದು ನ್ಯಾಯವೇ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ. ಅದನ್ನು ಕೇಳಲು ಕಾಲೇಜಿಗೊಂದು ಕೋಣೆಯಾದರೂ ಬೇಕು.

“ಇಷ್ಟು ಒಳ್ಳೇ ಮಾತು ಇತ್ತು ನಿಮ್ಮ ಹತ್ರ” ಎಂದಳು ಸೌಜನ್ಯ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. “ಆ ಪದ್ಧತಿ ಇಬ್ಬರೂ ಪಾಲಿಸಿದ್ರೆ ಮಾತ್ರ ನಡೀತದೆ ಸರ್. ಎದುರಿಗಿದ್ದವರು ಕೊನೇ ತನಕ ಕೂತು ಕೇಳ್ಬೇಕು. ಅವರಿಗೆ ಅದು ಗೊತ್ತಿಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ? ಶೆಟ್ರಿಗೆ ನ್ಯಾಯ ಮಾಡಿದ್ರಿ. ನನ್ನ ಪಕ್ಷ ಹೇಳೋಕೆ ಅಲ್ಲಿ ಕೌನ್ ಥಾ, ಯಾರಿದ್ರು ಸರ್?”

ರಾಯರು ಸ್ಟೇಷನ್ನಿಗೆ ನಡೆದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ವನಮಾಲಾ ಬೈಯಲೂ ಇಲ್ಲ. “ನಾಳೆ ಶೆಟ್ರ ಹೊಟೇಲಿಗೆ ಹೋಗಿ. ಸುತ್ತು ಬಳಸಿ ಮಾತು ಬೇಡ. ಆ ಹುಡುಗಿಗೆ ಕೆಲಸ ಕೊಡಿ ಅಂತ ಕೇಳಿ” ಎಂದು ಊಟ ಬಡಿಸಿದರು.

ಮರುದಿನ ರಾಯರು ನೌಪಾಡಾಕ್ಕೆ ಹೋದರು. ಪೂರ್ವಪಕ್ಷವಿಲ್ಲ, ಪೀಠಿಕೆಯಿಲ್ಲ. “ವಿಭಾಗ ಮುಚ್ಚಬೇಡಿ ಶೆಟ್ರೇ. ಸೌಜನ್ಯಳನ್ನು ಬಿಡಬೇಡಿ. ನಾನು ನಿಮ್ಮ ಕಾಲು ಹಿಡೀತೇನೆ” ಎಂದರು.

ಶೆಟ್ರು ಗಾಬರಿಯಾಗಿ ಅವರನ್ನು ಕೂರಿಸಿದರು. “ಸರ್, ನಿನ್ನೆ ಹೇಳಿದ್ದು ನಿಮ್ಮ ಬುದ್ಧಿ, ಇವತ್ತು ಹೇಳುವುದು ನಿಮ್ಮ ಮಮತೆ. ನಾನು ಯಾವುದನ್ನು ಕೇಳಲಿ? ನೀವೇ ಹೇಳಿ” ಎಂದರು. ಅದಕ್ಕೂ ರಾಯರ ಬಳಿ ಉತ್ತರವಿತ್ತು. ಆದರೆ ಶೆಟ್ರು ಆಗಲೇ ಕಾಫಿ ತರಿಸುತ್ತಾ, ನಿವೃತ್ತಿಯ ದಿನದ ಸನ್ಮಾನದ ಮಾತಿಗೆ ಹೊರಳಿದ್ದರು.

ವಿಭಾಗ ಮುಚ್ಚಿತು. ಕೊನೆಯ ವರ್ಷದ ಹುಡುಗರಿಗೆ ಪಾಠ ಮುಗಿಸುವ ತನಕ ಸೌಜನ್ಯ ಬಂದಳು. ರಾಯರೊಡನೆ ಮಾತು ನಿಲ್ಲಿಸಿದಳೆಂದಲ್ಲ. ನಮಸ್ಕಾರ ಸರ್ ಎನ್ನುವಳು, ತಲೆ ತಗ್ಗಿಸಿ ಹೋಗುವಳು. ಅದರ ಬದಲು ಅವಳು ಮತ್ತೊಮ್ಮೆ ಬೈದಿದ್ದರೆ ರಾಯರಿಗೆ ಹಿತವಾಗುತ್ತಿತ್ತು.

ಕೊನೆಯ ತರಗತಿಯ ದಿನ ರಾಯರು ಒಳಗೆ ಹೋಗಿ ಮಕ್ಕಳಿಗೆ ನಾಲ್ಕು ಮಾತು ಹೇಳೋಣವೆಂದು ಬಾಗಿಲವರೆಗೆ ಬಂದರು. ಒಳಗೆ ಮಯೂರ್ ಎಂಬ ವಿದ್ಯಾರ್ಥಿ ವಾದಕ್ಕೆ ಎದ್ದು ನಿಂತಿದ್ದ. ಹಿಂದಿಯಲ್ಲಿ, ಅಚ್ಚುಕಟ್ಟಾಗಿ, ಎದುರು ಪಕ್ಷದವರ ಮಾತಿನಿಂದ ಶುರುಮಾಡಿದ್ದ. ಇದು ತಮ್ಮಿಂದ ಅವಳಿಗೆ, ಅವಳಿಂದ ಅವನಿಗೆ ಹೋದದ್ದಲ್ಲವೇ ಎಂದು ರಾಯರ ಎದೆ ತುಂಬಿ ಬಂತು.

“ನಿಲ್ಲು” ಎಂದಳು ಸೌಜನ್ಯ, ಅವಳೂ ಹಿಂದಿಯಲ್ಲೇ. “ಮೊದಲು ನಿನ್ನ ಮಾತು ಹೇಳು. ಅವರ ಮಾತು ಅವರು ಹೇಳಿಕೊಳ್ಳುತ್ತಾರೆ.”

“ಆದರೆ ಮಿಸ್, ನೀವೇ ಕಲಿಸಿದ್ದು...”

“ಕಲಿಸಿದ್ದೆ. ಇನ್ನು ಮುಂದೆ ಹೀಗೆ.”

ರಾಯರ ಕೈ ಬಾಗಿಲ ಮೇಲೆಯೇ ಉಳಿಯಿತು. ಅದು ತಪ್ಪು, ಹಾಗೆ ಕಲಿಸಬೇಡ ಎಂದು ಹೇಳಬೇಕಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ! ಹೇಳುವ ಮೊದಲು ಅವಳ ಪಕ್ಷವನ್ನು ಮನಸ್ಸಿನಲ್ಲೇ ಹೇಳಿಕೊಂಡರು. ಒಂದು ಮಾತನ್ನೂ ಬಿಡದೆ, ಅವಳೇ ತಲೆದೂಗುವ ಹಾಗೆ ಹೇಳಿಕೊಂಡರು. ಆಮೇಲೆ ಉತ್ತರಕ್ಕಾಗಿ ಕಾದರು. ಒಳಗೆ ಮಯೂರ್ ತನ್ನ ಮಾತು ಹೇಳಿ ಮುಗಿಸಿದ, ಬೆಲ್ಲು ಹೊಡೆಯಿತು, ರಾಯರಿಗೆ ಉತ್ತರ ಹೊಳೆಯಲಿಲ್ಲ.