ಸಕ್ಕರೆ ಮನೆ ಒಡೆಯುವ ದಿನ

ಕೊರಟಗೆರೆಗೆ ಬೊಂಬೆ ನೋಡಲು ಹೋಗುವುದೇ ಬೇಡ ಎಂದು ನಾನು ಅಜ್ಜಿಯೊಡನೆ ಎರಡು ದಿನ ವಾದಿಸಿದೆ.

ಬೊಂಬೆ ಕೂರಿಸಿದ್ದ ಮನೆ ನನ್ನ ಸೋದರತ್ತೆಯ ಗಂಡನದು. ಅತ್ತೆ ತೀರಿಕೊಂಡಾಗ ಅವರ ಮಗಳು ಇನ್ನೂ ತೊಟ್ಟಿಲ ಕೂಸು. ಅಜ್ಜಿ ಅವಳನ್ನು ಮಧುಗಿರಿಗೆ ತಂದು ಸಾಕಿದಳು. ಈಗ ಅವಳಿಗೆ ಆರು ವರ್ಷ. ಮಾವ ಹಿಂದಿನ ವರ್ಷ ಎರಡನೆಯ ಮದುವೆಯಾಗಿದ್ದರು. ದಸರೆಗೆ ಹೇಳಿಕಳಿಸಿದ್ದರು: ಬೊಂಬೆ ಕೂರಿಸಿದ್ದೇವೆ, ನನ್ನ ಹೆಂಡತಿ ಸಕ್ಕರೆಯಲ್ಲೇ ಒಂದು ಮನೆ ಕಟ್ಟಿದ್ದಾಳೆ, ಮಗುವನ್ನು ಕರೆತನ್ನಿ. ವಾಪಸು ಕಳಿಸುವ ಮಾತು ಅದರಲ್ಲಿ ಇರಲಿಲ್ಲ. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ.

"ನಂಗೇನ್ ತಿಳಿಯಾಕಿಲ್ವಾ? ಅದಕ್ಕೇ ಕಣ್ಲಾ ನಿನ್ನೂ ಎಳ್ಕಂಡು ಹೋಗ್ತಿರಾದು. ಕಾಲೇಜ್ನಾಗೆ ಬಾಯಿ ಮಾಡಿ ಬೆಳ್ಳಿ ಲೋಟ ತಂದ್ಯಲ್ಲ, ಅಲ್ಲೂ ವಸಿ ಬಾಯಿ ಮಾಡು. ಮಗೀನ ಮಾತ್ರ ನಾನು ಬುಡಾಕಿಲ್ಲ."

ಆ ಬೆಳ್ಳಿ ಲೋಟ ನನಗೆ ಸಿಕ್ಕಿದ್ದು ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿದ್ದಕ್ಕೆ. ಎರಡನೆಯ ಹೆಂಡತಿ ತನ್ನ ತಾಳಿಯ ಜೊತೆಗೆ ಸತ್ತ ಮೊದಲನೆಯವಳ ಹೆಸರಿನಲ್ಲಿ ಒಂದು ಚಿನ್ನದ ಬಿಲ್ಲೆ ಕಟ್ಟಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ಸವತಿ ಬಿಲ್ಲೆ ಎನ್ನುತ್ತಾರೆ. ಕಟ್ಟದಿದ್ದರೆ ಸತ್ತವಳು ಕಾಡುತ್ತಾಳಂತೆ. ನಾನು ಅದನ್ನು "ದೆವ್ವಕ್ಕೆ ಕೊಡುವ ಲಂಚ" ಎಂದಿದ್ದೆ. ಪಾವಗಡದ ಗೆಳೆಯನೊಬ್ಬ ಬೆಂಚು ಕುಟ್ಟಿ ಕುಟ್ಟಿ ನಕ್ಕಿದ್ದ.

ಸರಸ್ವತಿ ಪೂಜೆಯ ದಿನ ಕೊರಟಗೆರೆ ಮುಟ್ಟಿದೆವು. ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳು, ಮೇಲೆ ಪಟ್ಟದ ಬೊಂಬೆಗಳು. ಕೆಳಗೆ ಮಣೆಯ ಮೇಲೆ ಆ ಮನೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವ ಮರದ ಪಡಿಯಚ್ಚುಗಳಲ್ಲೇ ಗೋಡೆ, ಕಂಬ ಎಲ್ಲ ಹೊಯ್ದು ಪಾಕದಲ್ಲಿ ಅಂಟಿಸಿದ್ದರು. ಎಳ್ಳು ಚಿಕ್ಕಿಯ ಮಾಡು, ಬತಾಸಿನ ಜಗಲಿ. ಒಳಗೆ ತೂಗುಮಣೆಯ ಮೇಲೆ ಬೆರಳುದ್ದದ ಸಕ್ಕರೆ ಹುಡುಗಿ. ಇರುವೆ ಹತ್ತದಂತೆ ಮಣೆಯನ್ನು ನೀರು ತುಂಬಿದ ಹರಿವಾಣದ ನಡುವೆ ಇಟ್ಟಿದ್ದರು.

"ಯುದ್ಧದ ಕಾಲದಾಗೆ ಸಕ್ಕರೆ ಎಲ್ಲೈತಯ್ಯ?" ಎಂದರು ಮಾವ. "ರೇಷನ್ನಿನ ಸಕ್ಕರೆ ಒಂದು ಚಮಚ ಮುಟ್ಟಾಕ್ ಬುಡ್ಲಿಲ್ಲ ಇವಳು. ಯುಗಾದಿಯಿಂದ ನಂಗೆ ಬೆಲ್ಲದ ಕಾಫಿ."

ಹುಡುಗಿ ಹರಿವಾಣದ ಮುಂದೆ ಕೂತವಳು ಏಳಲೇ ಇಲ್ಲ. "ಇದನ್ನ ಯಾವಾಗ ತಿನ್ನಾದು?"

"ದಶಮಿ ದಿನ ಒಡೀತೀವಿ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ," ಎಂದರು ಮಾವನ ಹೆಂಡತಿ.

"ಅವತ್ತು ನಾನು ಇರ್ತೀನಾ?"

ಇದೇ ಸಮಯ ಎಂದು ನಾನು ಶುರುಮಾಡಿದೆ. "ಸಕ್ಕರೆ ತೋರಿಸಿ ಮಗುವನ್ನು ಹಿಡಿಯೋದು ನ್ಯಾಯವಲ್ಲ. ಇದು ಆಮಿಷ."

ಮಾವ ಕೆಂಪಗಾದರು. ಆಕೆ ಆಗಲಿಲ್ಲ. "ಹೂಂ ಕಣಪ್ಪ, ಆಮಿಷಾನೇ. ನಾನು ಹೆತ್ತಿಲ್ಲ, ಆಡಿಸಿಲ್ಲ. ನನ್ನ ಮಕ ನೋಡಿ ಬಾ ಅಂದ್ರೆ ಯಾಕೆ ಬಂದಾಳು? ಇನ್ನೇನು ತೋರಿಸ್ಲಿ ಹೇಳು."

ಎದುರಾಳಿ ಆರೋಪವನ್ನು ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಮಾವನ ಕಡೆ ತಿರುಗಿದೆ. ಐದು ವರ್ಷ ಮುಖ ತೋರಿಸದವರಿಗೆ ಯಾವ ಹಕ್ಕು, ಸಾಕಿದ ಕೈಗೆ ಬೆಲೆ ಇಲ್ಲವೇ, ನಾಳೆ ಇವರಿಗೇ ಒಂದು ಮಗುವಾದರೆ ಇವಳ ಗತಿ ಏನು. ಮಾವ ಒಂದಕ್ಕೂ ಎದುರಾಡಲಿಲ್ಲ. "ನೀನು ಹೇಳಾದೆಲ್ಲ ದಿಟ ಕಣಯ್ಯ," ಎಂದು ನೆಲ ನೋಡಿದರು. ಗೆದ್ದೆ ಎಂದುಕೊಂಡೆ. ಮೆಚ್ಚುಗೆಗಾಗಿ ಅಜ್ಜಿಯ ಕಡೆ ನೋಡಿದರೆ, ಅವಳು ನನ್ನ ಮಾತು ಕೇಳುತ್ತಲೇ ಇರಲಿಲ್ಲ.

ಹುಡುಗಿ ಆಗಲೇ ಮಾವನ ಹೆಂಡತಿಯ ಮಡಿಲಿಗೆ ಹತ್ತಿ ಕೂತು ತಾಳಿ ಎಳೆದಾಡುತ್ತಿದ್ದಳು. "ಇದ್ಯಾಕೆ ನಿಂಗೆ ಒಂದು ಜಾಸ್ತಿ ಐತೆ?"

"ಅದು ನಿಮ್ಮಮ್ಮ ಕಣೇ. ದಿನಾ ಮೊದ್ಲು ಅಕ್ಕಂಗೆ ಕುಂಕುಮ ಇಟ್ಟು ಆಮ್ಯಾಕೆ ನಾನು ಇಟ್ಕಳಾದು."

ಹುಡುಗಿ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನಮ್ಮಮ್ಮ ಇಷ್ಟು ಸಣ್ಣಕಿದ್ಲಾ?"

"ಅಯ್ಯೋ, ಇಲ್ಲ! ನಂಗಿಂತ ಉದ್ದಕಿದ್ರಂತೆ. ಅಲ್ವೇನಮ್ಮ?" ಎಂದು ಆಕೆ ಅಜ್ಜಿಯನ್ನು ಕೇಳಿದರು.

ನಮ್ಮ ಮನೆಯಲ್ಲಿ ಅತ್ತೆಯ ಮಾತು ಆಡುವಂತಿರಲಿಲ್ಲ. ಮಗು ಹಂಬಲಿಸುತ್ತದೆ ಎಂದು ಅಜ್ಜಿಯೇ ಎಲ್ಲರ ಬಾಯಿ ಕಟ್ಟಿದ್ದಳು. ಆ ಮಗು ತಾಯಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಅಜ್ಜಿ ತಾನೇ ಬಾಯಿಬಿಟ್ಟಳು. "ಹೂಂ. ಬಾಗಿಲು ದಾಟುವಾಗ ತಲೆ ತಗುಲ್ತಿತ್ತು ಅವಳಿಗೆ. ದಿನಾ ತಗುಲ್ತಿತ್ತು. ದಿನಾ ಬಾಗಿಲನ್ನೇ ಬೈಯೋಳು."

ಹುಡುಗಿ ಕೇಕೆ ಹಾಕಿ ನಕ್ಕಳು. "ಆಮೇಲೆ? ಇನ್ನೂ ಹೇಳು."

ಅಜ್ಜಿ ಹೇಳಿದಳು. ಊಟ ಆರುವವರೆಗೂ ಹೇಳಿದಳು. ಮಲತಾಯಿ ಕೆಟ್ಟವಳು ಎಂಬ ಒಂದು ಊಹೆಯ ಮೇಲೆ ನಾನು ನನ್ನ ವಾದವನ್ನೆಲ್ಲ ನಿಲ್ಲಿಸಿಕೊಂಡು ಬಂದಿದ್ದೆ. ಆಕೆ ಒಂದು ಸಲವಾದರೂ ಕೆಟ್ಟ ಮಾತು ಆಡಲಿ ಎಂದು ಕಾಯುತ್ತ ಕೂತೆ. ಆಡಲಿಲ್ಲ.

ಬಸ್ಸಿನ ಹೊತ್ತಿಗೆ ಅಜ್ಜಿ ಎದ್ದು, "ನಡಿಲಾ" ಎಂದಳು, ನನ್ನೊಬ್ಬನಿಗೆ.

"ಮಗು?"

"ಅವಳು ಮನೆ ಒಡಿಯಾದು ನೋಡ್ಬೇಕಂತೆ."

ಹೊಸಿಲಲ್ಲಿ ನಿಂತು ಆಕೆಯ ಕೈ ಹಿಡಿದು ಅಜ್ಜಿ ಹೇಳತೊಡಗಿದಳು. "ನಿದ್ದೇಲಿ ಬೆಚ್ಚಿ ಬೀಳ್ತಾಳೆ, ಎತ್ಕಾಬ್ಯಾಡ, ಬೆನ್ನ ಮೇಲೆ ಕೈ ಇಡು ಸಾಕು. ಎಣ್ಣೆ ಕಣ್ಣಿಗೆ ಬಿದ್ರೆ ಊರು ಒಂದು ಮಾಡ್ತಾಳೆ. ಬದನೆಕಾಯಿ ಮುಟ್ಟಾಕಿಲ್ಲ, ಹೊಡೀಬ್ಯಾಡ." ಮೂರು ದಿನದ ಮಟ್ಟಿಗೆ ಬಿಟ್ಟು ಹೋಗುವವರು ಅಷ್ಟೊಂದು ಹೇಳುವುದಿಲ್ಲ. ಆಕೆ ಒಂದೊಂದಕ್ಕೂ "ಆಗ್ಲಿ ಅಮ್ಮ" ಎನ್ನುತ್ತಿದ್ದರು. ಹುಡುಗಿ ಒಳಗಿನಿಂದಲೇ ಕೈ ಬೀಸಿದಳು. ಹರಿವಾಣದ ಹತ್ತಿರ ಬಂದ ಒಂದು ಇರುವೆಯನ್ನು ಕಾಯುವ ಕೆಲಸ ಅವಳಿಗಿತ್ತು.

ಬಸ್ಸಿನಲ್ಲಿ ತಡೆಯಲಾರದೆ, "ದಶಮಿ ಕಳೀಲಿ ಅಜ್ಜಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದೆ.

"ಏನಂತ ಕೇಳ್ತೀಯ?"

ಅವಳಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸು ಏರು ಹತ್ತಲಾರದೆ ನಿಂತಿತು. ಪೆಟ್ರೋಲಿಲ್ಲ, ಇದ್ದಿಲ ಗ್ಯಾಸು ಸಾಲದು, ಗಂಡಸರೆಲ್ಲ ಇಳಿದು ತಳ್ಳಿ ಎಂದು ಕಂಡಕ್ಟರು ಕೂಗಿದ. ನಾನು ಎಲ್ಲರಿಗಿಂತ ಮೊದಲು ಇಳಿದೆ.